ಅಪ್ಪನ ಕ್ಯಾಸೆಟ್ಟಿನ ಗಿಟಾರ್ ಕಲಿಯಬೇಕು, ಶ್ರುತಿ ಕೂಡುತ್ತಿಲ್ಲ

ಬೆಣ್ಣೆದೋಸೆ:
1991ರಲ್ಲಿ ದಾವಣಗೆರೆಯ ನಮ್ಮ ಮನೆಯಲ್ಲಿ ಅಮ್ಮ ಹಾಡಿದ್ದು, ಅಪ್ಪ ಗಿಟಾರ್ ನುಡಿಸಿದ್ದು ಒಂದು ಕ್ಯಾಸೆಟ್ಟಿನಲ್ಲಿದೆ. ಅಪ್ಪ ಈಗಿಲ್ಲ. ಅವರು ನುಡಿಸಿದ ಹಾಗೇ ನುಡಿಸಬೇಕು ಅಂತ ನನಗೆ ತುಂಬಾ ಆಸೆ. ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ ಆಡಾಸಿಟಿ ಅನ್ನುವ ಸದ್ದು ತಿದ್ದುವ ಸಾಫ್ಟ್‌ವೇರಿನಲ್ಲಿ ತೆರೆದಿದ್ದೇನೆ. ಶ್ರುತಿ ಬದಲಿಸದೆ ವೇಗ ಮಾತ್ರ ಬದಲಿಸುವ ಚೇಂಜ್ ಟೆಂಪೊದಲ್ಲಿ ಅರ್ಧ ವೇಗ ಮಾಡಿದರೆ ಮೀಟು ಮಸುಕಾಗುತ್ತದೆ. ಅಮ್ಮನ ದನಿ ತೆಗೆಯಲು ವೋಕಲ್ ರಿಡಕ್ಷನ್ ಹಾಕಿದೆ, ಗಿಟಾರೂ ಮಾಯವಾಯಿತು. ಎಲ್ಲಕ್ಕಿಂತ ಜಾಸ್ತಿ ಕಾಡುತ್ತಿರುವುದು ಶ್ರುತಿ. ಅಪ್ಪನ ಸ್ವರಗಳು ನನ್ನ ಗಿಟಾರಿನ ಎರಡು ಫ್ರೆಟ್‌ಗಳ (ಕತ್ತಿನ ಮೇಲಿನ ಅಡ್ಡಪಟ್ಟಿಗಳ) ನಡುವೆ ಎಲ್ಲೋ ಇವೆ.

ಹಳೇಟೇಪು:
ವೋಕಲ್ ರಿಡಕ್ಷನ್ ಎಡ, ಬಲ ಎರಡರಲ್ಲೂ ಒಂದೇ ಥರ ಇರುವುದನ್ನು ಕಳೆಯುತ್ತದೆ. ನಿಮ್ಮದು ಒಂದೇ ಮೈಕಿನ ರೆಕಾರ್ಡಿಂಗ್ ಅಲ್ವಾ? ಎರಡೂ ಕಡೆ ಒಂದೇ ಸದ್ದು, ಹಾಗಾಗಿ ಎಲ್ಲವೂ ಹೋಯಿತು. ಅದನ್ನು ಬಿಡಿ. ಅಮ್ಮ ಉಸಿರು ತೆಗೆದುಕೊಳ್ಳುವ ಕಡೆ ಗಿಟಾರ್ ಒಂದೇ ಕೇಳುತ್ತದೆ. ಅಲ್ಲೆಲ್ಲ ಕಂಟ್ರೋಲ್ ಬಿ ಒತ್ತಿ ಲೇಬಲ್ ಹಾಕಿ.

ನಿಧಾನ ಮಾಡಲು ಚೇಂಜ್ ಸ್ಪೀಡ್ ಬಳಸಿ ನೋಡಿ, ಅದು ವೇಗದ ಜೊತೆ ಶ್ರುತಿಯನ್ನೂ ಬದಲಿಸುತ್ತದೆ. ಸರಿಯಾಗಿ ಅರ್ಧಕ್ಕೆ ಇಳಿಸಿದರೆ ಸ್ವರ ಅದೇ ಇರುತ್ತದೆ, ಒಂದು ಸ್ಥಾಯಿ ಕೆಳಗೆ ಹೋಗುತ್ತದೆ ಅಷ್ಟೇ. ಮೀಟು ಸ್ಪಷ್ಟ. ದಪ್ಪ ತಂತಿಗಳು ಮಾತ್ರ ಗುಡುಗಿದ ಹಾಗೆ ಕೇಳುತ್ತವೆ. ಅವಕ್ಕೆ ಚೇಂಜ್ ಟೆಂಪೊವನ್ನೇ ಬಳಸಿ, ಮೂಲ ವೇಗದ 75 ಶೇಕಡಾ ಇಟ್ಟುಕೊಳ್ಳಿ.

ಆರುತಂತಿ:
ಹಾಡಿಗೆ ಮೊದಲು ಅಪ್ಪ ಒಂದೊಂದೇ ತಂತಿ ಮೀಟಿ ನೋಡಿದ್ದಾರಾ? ಇದ್ದರೆ ಅದೇ ಬಂಗಾರ. ಒಂದೊಂದನ್ನೂ ಆಯ್ದು ಪ್ಲಾಟ್ ಸ್ಪೆಕ್ಟ್ರಮ್ ತೆಗೆಯಿರಿ, ಸದ್ದಿನಲ್ಲಿ ಯಾವ ಕಂಪನಾಂಕ ಎಷ್ಟಿದೆ ಅಂತ ತೋರಿಸುವ ನಕ್ಷೆ ಅದು. ಸೈಜ್ 16384 ಇರಲಿ, ಕಡಿಮೆ ಇಟ್ಟರೆ ಕೆಳಗಿನ ಸ್ವರ ಸರಿಯಾಗಿ ಬಿಡಿಸಿಕೊಳ್ಳುವುದಿಲ್ಲ. ಎಲ್ಲಕ್ಕಿಂತ ಎತ್ತರದ ಶಿಖರವೇ ಮೂಲ ಸ್ವರ ಅಂತ ತಿಳಿಯಬೇಡಿ. ಎಡಗಡೆಯ ಮೊದಲ ಶಿಖರ ನೋಡಿ. 50, 100 ಹರ್ಟ್ಜ್‌ನಲ್ಲಿ ಏನಾದರೂ ಕಂಡರೆ ಅದು ಕರೆಂಟಿನ ಗುಂಯ್ ಸದ್ದು, ಬಿಟ್ಟುಬಿಡಿ.

ಬೆಣ್ಣೆದೋಸೆ:
ಇದೆ! ನಾಲ್ಕು ಸೆಕೆಂಡು. ಬೇಡದ್ದು ಅಂದುಕೊಂಡು ಕತ್ತರಿಸಿದ್ದೆ, ಮೂಲ ಫೈಲಿನಲ್ಲಿ ಉಳಿದಿತ್ತು. ಎಲ್ಲಕ್ಕಿಂತ ದಪ್ಪದ ಆರನೇ ತಂತಿ 75.4 ಹರ್ಟ್ಜ್, ಐದನೆಯದು 113.

ಆರುತಂತಿ:
113 ಅಂದರೆ 75.4ರ ಒಂದೂವರೆ ಪಟ್ಟು, ಸ-ಪ ಸಂಬಂಧ. ಮಾಮೂಲಿ ಟ್ಯೂನಿಂಗಿನಲ್ಲಿ ಈ ಎರಡು ತಂತಿಗಳ ನಡುವೆ ಸ-ಮ ಇರುತ್ತದೆ. ಟೇಪು ಎಷ್ಟೇ ವೇಗವಾಗಿ ಓಡಿದರೂ ಈ ಸಂಬಂಧ ಬದಲಾಗುವುದಿಲ್ಲ. ಅಂದರೆ ನಿಮ್ಮ ಅಪ್ಪ ಆರನೇ ತಂತಿಯನ್ನು ಮಾಮೂಲಿ ‘ಇ’ ಸ್ವರ ಬಿಟ್ಟು ‘ಡಿ’ ಸ್ವರಕ್ಕೆ ಇಳಿಸಿದ್ದಾರೆ. ಐದನೆಯದು ‘ಎ’ ಸ್ವರ, 110 ಇರಬೇಕಿತ್ತು, ಟೇಪು ತುಸು ವೇಗವಾಗಿ ಓಡಿ 113 ಆಗಿದೆ. ಚೇಂಜ್ ಸ್ಪೀಡ್‌ನಲ್ಲಿ ಮೈನಸ್ 2.7 ಶೇಕಡಾ ಕೊಡಿ, ಆಮೇಲೆ ನಿಮ್ಮ ಆರನೇ ತಂತಿಯನ್ನೂ ಇಳಿಸಿಕೊಳ್ಳಿ.

ಬೆಣ್ಣೆದೋಸೆ:
ಕೂಡಿತು. ಆ ದಪ್ಪ ತಂತಿಯನ್ನು ಅಪ್ಪ ಒತ್ತುತ್ತಲೇ ಇರಲಿಲ್ಲ, ಹಾಗೇ ಬಿಟ್ಟು ಹೆಬ್ಬೆರಳಿನಲ್ಲಿ ಮೀಟುತ್ತಿದ್ದರು ಅಂತ ಈಗ ಗೊತ್ತಾಯಿತು. ನಾನು ಮೂರು ತಿಂಗಳಿಂದ ಅಲ್ಲಿ ಬೆರಳು ಹುಡುಕುತ್ತಿದ್ದೆ. ಸರಿಮಾಡಿದ ಫೈಲನ್ನು ಅಮ್ಮನಿಗೆ ಕೇಳಿಸಿದೆ. ‘ಈಗ ಇದು ನನ್ನ ದನಿ’ ಅಂದರು. ಪಲ್ಲವಿ ಆದ ಮೇಲಿನ ಓಟ ಇನ್ನೂ ಬಂದಿಲ್ಲ. ಅಲ್ಲಿಗೆ ಇವತ್ತು ರಾತ್ರಿ ಲೇಬಲ್ ಹಾಕುತ್ತೇನೆ.