ಇಇಜಿಯಲ್ಲಿ ಅಲೆ ನಿಧಾನ: ಡಿಮೆನ್ಷಿಯಾ ಅನ್ನಬಹುದಾ?

ಪ್ರಶ್ನೆ: 72ರ ರೋಗಿ, ಮರೆವು ಹೆಚ್ಚುತ್ತಿದೆ. ಇಇಜಿಯಲ್ಲಿ (ಮೆದುಳಿನ ವಿದ್ಯುತ್ ಅಲೆಗಳ ದಾಖಲೆ) ತಲೆಯ ಹಿಂಭಾಗದ ಲಯ 7 ಹರ್ಟ್ಸ್, ಅಂದರೆ ಸೆಕೆಂಡಿಗೆ 7 ಅಲೆ. ಆಲ್ಝೈಮರ್ ಡಿಮೆನ್ಷಿಯಾ ಎನ್ನಬಹುದೇ?

ಉತ್ತರ 1: ಅಷ್ಟರಿಂದಲೇ ಹೇಳಲಾಗದು ಸಾರ್. ಎಚ್ಚರವಿದ್ದಾಗ 8ಕ್ಕಿಂತ ಕಡಿಮೆಯಿದ್ದರೆ ಅಸಹಜ, ನಿಜ. ಆದರೆ ತೂಕಡಿಸಿದರೂ ಹೀಗೇ ಕಾಣುತ್ತದೆ. ಹೆಸರು ಹಿಡಿದು ಕರೆದು, ಕಣ್ಣು ತೆರೆಸಿ ಮುಚ್ಚಿಸಿ. ಮುಚ್ಚಿದ ಮೊದಲ ಸೆಕೆಂಡು ಬಿಟ್ಟು ಅಳೆಯಿರಿ. ಆ ಮೊದಲ ಸೆಕೆಂಡಿನಲ್ಲಿ ಲಯ ತುಸು ವೇಗವಾಗಿರುತ್ತದೆ.

ಉತ್ತರ 2: ತಲೆಗೆ ಎಣ್ಣೆ ಹಚ್ಚಿದ್ದರೆ ಇಂಪಿಡೆನ್ಸ್ (ಎಲೆಕ್ಟ್ರೋಡ್ ಮತ್ತು ಚರ್ಮದ ನಡುವಿನ ವಿದ್ಯುತ್ ತಡೆ) 5 ಕಿಲೋಓಮ್‌ಗೆ ಇಳಿಸುವುದೇ ಕಷ್ಟ, 50 ಹರ್ಟ್ಸ್ ಕರೆಂಟಿನ ಗದ್ದಲ ನುಗ್ಗುತ್ತದೆ. ಮತ್ತೆ ಅಳೆಯುವ ಮೊದಲೇ ಶಾಂಪೂ ಹಾಕಿ ತಲೆಸ್ನಾನ ಮಾಡಿಸಿ.

ಉತ್ತರ 3: ದಯವಿಟ್ಟು ಮಾತ್ರೆ ಚೀಟಿ ನೋಡಿ. ಕ್ಲೊಜಪೈನ್, ಲಿಥಿಯಂನಂಥ ಮನೋರೋಗದ ಔಷಧಿಗಳು ಲಯವನ್ನು ನಿಧಾನಿಸುತ್ತವೆ. ಆತಂಕ, ನಿದ್ದೆಗೆ ಕೊಡುವ ಲೊರಾಜೆಪಾಮ್ ಬೀಟಾ (ವೇಗದ ಅಲೆ) ಹೆಚ್ಚಿಸುತ್ತದೆ. ಬಿ12, ಥೈರಾಯ್ಡ್, ಸೋಡಿಯಂ ಪರೀಕ್ಷೆಯೂ ಆಗಲಿ. ವಾರಗಳಲ್ಲೇ ಕುಸಿದು, ಸೆಕೆಂಡಿಗೊಂದರಂತೆ ಚೂಪು ಅಲೆ ಬಂದರೆ ಕ್ರಾಯ್ಟ್ಸ್‌ಫೆಲ್ಟ್-ಜಾಕೋಬ್ ಎಂಬ ಅಪರೂಪದ ಮೆದುಳಿನ ಕಾಯಿಲೆ ಅನುಮಾನಿಸಿ.