ಅಪ್‌ಡೇಟ್: ಸೆಕ್61 ಬೀಟಾ ಕೊನೆಗೂ ಕರಗಿದ ರೂಪದಲ್ಲಿ ಸಿಕ್ಕಿತು

ಹಾಸನದ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಇ. ಕೋಲೈ ಬ್ಯಾಕ್ಟೀರಿಯಾ ಬಳಸಿ ತಯಾರಿಸುವ ಮಾನವ ಸೆಕ್61 ಬೀಟಾ ಪ್ರೋಟೀನ್ ಏಕೆ ಕರಗದ ಮುದ್ದೆಯಾಗುತ್ತಿದೆ ಎಂದು ಕೇಳಿದ್ದೆ. ಪ್ರೋಟೀನಿನ ಬಾಲ, ಅಂದರೆ ಕೊನೆಯ ತುದಿ, ಕತ್ತರಿಸಿ ಎಂದವರಿಗೆ ಹೃತ್ಪೂರ್ವಕ ಧನ್ಯವಾದ! ಇದರಲ್ಲಿರುವುದು 96 ಅಮೈನೋ ಆಮ್ಲಗಳು ಮಾತ್ರ. ಕೊನೆಯ ಭಾಗಕ್ಕೆ ನೀರು ಒಗ್ಗದು. ಜೀವಕೋಶದೊಳಗಿನ ಪೊರೆಜಾಲವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನ ಪೊರೆಯಲ್ಲಿ ನಾಟಿಕೊಂಡು, ಹೊಸ ಪ್ರೋಟೀನುಗಳು ದಾಟುವ ಸೆಕ್61 ದ್ವಾರದ ಪಕ್ಕ ಇದು ನಿಲ್ಲುವುದೇ ಆ ಭಾಗದಿಂದ. ಆ ಪೊರೆಯೇ ಇಲ್ಲದ ಬ್ಯಾಕ್ಟೀರಿಯಾದಲ್ಲಿ ಅದು ಒಂದಕ್ಕೊಂದು ಅಂಟಿಕೊಳ್ಳದೆ ಇನ್ನೇನು ಮಾಡೀತು? ಸೈಟೋಸಾಲ್ (ಜೀವಕೋಶದೊಳಗಿನ ದ್ರವ) ಕಡೆಯ ಮುಂಭಾಗವನ್ನಷ್ಟೇ ನಿಕ್ಕಲ್‌ಗೆ ಅಂಟುವ ಹಿಸ್ಟಿಡಿನ್ ಟ್ಯಾಗ್‌ನೊಂದಿಗೆ ತಯಾರಿಸಿದೆವು. ಆ ಅಂಟು ಬಿಡಿಸುವ ಇಮಿಡಜೋಲ್ ಹಾಕಿದೊಡನೆ, ಪ್ರೋಟೀನು ಶುದ್ಧೀಕರಿಸುವ ನಿಕ್ಕಲ್ ಕಾಲಂನಿಂದ ಇಳಿದು ಬಂತು. ತುಣುಕು ಬಹಳ ಚಿಕ್ಕದು, ಸಣ್ಣ ಪ್ರೋಟೀನುಗಳನ್ನು ಬೇರ್ಪಡಿಸುವ ಟ್ರೈಸೀನ್ ಜೆಲ್‌ನಲ್ಲಿ ಮಾತ್ರ ಪಟ್ಟಿ ಸ್ಪಷ್ಟವಾಗಿ ಕಂಡಿತು. ದ್ವಾರದ ಕೆಲಸ ಅರಿಯಲು ಆಲ್ಫಾ, ಗ್ಯಾಮಾ ಎಂಬ ಜೊತೆ ಪ್ರೋಟೀನುಗಳೂ ಸೇರಿದ ಪೂರ್ಣ ಸಂಕೀರ್ಣವೇ ಬೇಕು. ಅದಕ್ಕೆ ಹೊಂದುವ, ಪೊರೆಯ ಪ್ರೋಟೀನನ್ನು ನೀರಿನಲ್ಲಿ ಕರಗಿಸಿಡುವ ಡಿಟರ್ಜೆಂಟ್ ಹುಡುಕುತ್ತಿದ್ದೇವೆ.