ಸೊಂಟದ ಎಲ್4-ಎಲ್5 ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಹರಿದಿದೆಯಂತೆ, ಇದು ಕೂಡತ್ತಾ?

ತೋಟದಮನೆ:
ಸಾಗರದ ಹತ್ತಿರ ಅಡಿಕೆ ತೋಟ, ವಯಸ್ಸು 41. ಏಳು ವಾರದ ಹಿಂದೆ ಬೆಳಿಗ್ಗೆ ಅಡಿಕೆ ಮೂಟೆ ಪಿಕಪ್‌ಗೆ ಹಾಕುವಾಗ ಬಗ್ಗಿದಲ್ಲೇ ಸೊಂಟ ತಿರುಗಿಸಿದೆ. ಒಳಗೆ ಏನೋ ‘ಟಕ್’ ಅಂತು. ಮಾರನೇ ದಿನ ಮಗ್ಗುಲಾಗಿ ಉರುಳಿಕೊಂಡೇ ಹಾಸಿಗೆಯಿಂದ ಎದ್ದದ್ದು. ನೋವು ಕಾಲಿಗೆ ಇಳಿದಿಲ್ಲ. ಕೂತರೆ, ಸೀನಿದರೆ ಜೀವ ಹೋಗತ್ತೆ, ನಡೆದರೆ ಪರವಾಗಿಲ್ಲ. ಎಂಆರ್‌ಐಯಲ್ಲಿ ‘ಆನ್ಯುಲರ್ ಟಿಯರ್’, ಅಂದರೆ ಡಿಸ್ಕಿನ ಸುತ್ತಲ ಕವಚ ಹರಿದಿದೆ ಅಂತ ಬಂದಿದೆ. ಡಾಕ್ಟ್ರು "ಭಾರ ಎತ್ತಬೇಡಿ" ಅಂದವರೇ ಮುಂದಿನವರನ್ನು ಕರೆದರು. ಹರಿದ ಅಂಗಿ ಹೊಲಿಯದೆ ಕೂಡತ್ತಾ? ಅಮ್ಮ ಎಣ್ಣೆ ತಿಕ್ಕಿಸು ಅಂತಾಳೆ, ಭಾವ ಆಪರೇಷನ್ ಅಂತಾರೆ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯೋ ಹೊತ್ತಿಗಾದರೂ ಸರಿಯಾಗ್ತೇನಾ?

ಕತ್ತರಿ_ಶಿವಮೊಗ್ಗ:
ಅಂಗಿ ವಿಷಯ ನನಗೆ ಬಿಡಿ ಮಾರಾಯ್ರೇ, ನಾನು ಟೈಲರ್. ಮೂರು ವರ್ಷದ ಹಿಂದೆ ನನ್ನದೂ ಅದೇ ಜಾಗದಲ್ಲೇ ಹರಿದಿತ್ತು.

ನಿಮ್ಮ ಬಾಳೆಮರ ಅಡ್ಡ ಕಡಿದು ನೋಡಿ. ಡಿಸ್ಕೂ ಹಾಗೇ, ಸುತ್ತ 15ರಿಂದ 25 ಪದರ. ಒಂದು ಪದರದ ನಾರು ಬಲಕ್ಕೆ ಓರೆ, ಪಕ್ಕದ್ದು ಎಡಕ್ಕೆ ಓರೆ. ನಡುವೆ ಮಾತ್ರ ದಿಂಡಿನ ಬದಲು ಎಳನೀರಿನ ಗಂಜಿಯಂಥ ಲೋಳೆ. ಬಗ್ಗಿ ತಿರುಗಿದಾಗ ಒಂದು ಓರೆಯ ನಾರಿನ ಮೇಲೇ ಎಳೆತ ಬೀಳತ್ತೆ, ಇನ್ನೊಂದು ಸಡಿಲವಾಗತ್ತೆ. ನರ ಇರೋದು ಹೊರಗಿನ ಪದರಗಳಲ್ಲಿ, ಚೂರುಪಾರು ರಕ್ತ ಬರೋದೂ ಅಲ್ಲಿಗೇ. ಅದಕ್ಕೇ ಅಲ್ಲಿ ನೋಯತ್ತೆ, ಅಲ್ಲೇ ಕೂಡತ್ತೆ. ಕೂಡೋದು ಅಂದ್ರೆ ಹೊಸ ಬಟ್ಟೆಯಲ್ಲ, ರಫು ಹಾಕಿದ ಹಾಗೆ ಗಾಯದ ನಾರು ಬೆಳೆಯೋದು. ಒಳಗಿನ ಪದರಕ್ಕೆ ರಕ್ತನಾಳವೇ ಇಲ್ಲ, ಮೂಳೆ ಕಡೆಯಿಂದ ಜಿನುಗಿ ಬಂದದ್ದೇ ಆಹಾರ. ಅಲ್ಲಿನ ಬಿರುಕು ಹೆಚ್ಚುಕಡಿಮೆ ಹಾಗೇ ಉಳಿಯತ್ತೆ. ಉಳಿದರೂ ನೋವು ಉಳಿಯಬೇಕು ಅಂತಿಲ್ಲ. ವರ್ಷದ ಮೇಲೆ ಬೇರೆ ಕಾರಣಕ್ಕೆ ಎಂಆರ್‌ಐ ಮಾಡಿಸಿದೆ, ರಿಪೋರ್ಟಲ್ಲಿ ಅದೇ ಸಾಲು. ಆಗ ನಾನು ದಿನಕ್ಕೆ ಹತ್ತು ಬ್ಲೌಸ್ ಹೊಲೀತಿದ್ದೆ!

ನನಗೆ ನಾಲ್ಕು ತಿಂಗಳು ಹಿಡೀತು. ರಾತ್ರಿ ಡಿಸ್ಕ್ ನೀರು ಹೀರಿ ಉಬ್ಬಿರತ್ತೆ, ಎದ್ದ ಮೊದಲ ಗಂಟೆ ಬಗ್ಗಿದರೆ ಎಳೆತ ಜಾಸ್ತಿ. ಹಾಗಾಗಿ ಸ್ನಾನದ ಬಕೆಟ್ಟನ್ನೇ ಸ್ಟೂಲ್ ಮೇಲೆ ಇಟ್ಟೆ. ಹೆಂಡತಿ ನಕ್ಕಳು, ನಗಲಿ. ಮಿಷನ್ ಮುಂದೆ ಇಪ್ಪತ್ತು ನಿಮಿಷಕ್ಕೊಮ್ಮೆ ಮೊಬೈಲ್ ಅಲಾರಂ. ಹೊಡೆದ ತಕ್ಷಣ ಎದ್ದು ಬೀದಿ ತುದಿತನಕ ಹೋಗಿ ಬರೋದು.

ಫಿಸಿಯೋ_ಹಾಸನ:
ಮೇಲಿನವರು ಹೇಳಿದ್ದು ಸರಿ. ಒಂದು ಸೇರಿಸ್ತೀನಿ: 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಜನರ ಎಂಆರ್‌ಐ ಮಾಡಿದಾಗ ಶೇ. 14ರಷ್ಟು ಮಂದಿಯ ಡಿಸ್ಕ್ ಹೊರಕವಚದಲ್ಲಿ ದೋಷ ಕಂಡಿತ್ತು. ಹಾಗಾಗಿ ರಿಪೋರ್ಟಿನ ಪದಕ್ಕೆ ಹೆದರಿ ಮಲಗಿಬಿಡಬೇಡಿ, ನಡೀರಿ. ಈಗೀಗ ‘ಟಿಯರ್’ ಬಿಟ್ಟು ‘ಫಿಷರ್’, ಅಂದರೆ ಬಿರುಕು, ಅಂತಲೇ ಬರೆಯಿರಿ ಅಂತಾರೆ. ಎಣ್ಣೆ ಸ್ನಾಯುವಿಗೆ ಹಿತ, ಡಿಸ್ಕಿಗೆ ಮುಟ್ಟಲ್ಲ. ಯಾರ ಕೈಲೂ ಸೊಂಟ ತಿರುಚಿಸಿ ಲಟಿಕೆ ತೆಗೆಸಬೇಡಿ. ಕಾಲುನೋವು, ಬಲಹೀನತೆ ಇಲ್ಲದ ಬರೀ ಬಿರುಕಿಗೆ ಆಪರೇಷನ್ ಮೊದಲ ದಾರಿಯಲ್ಲ. ಆದರೆ ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆಸಂದು ಜೋಮು ಹಿಡಿದರೆ, ಪಾದ ಎತ್ತಲಾಗದಿದ್ದರೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ.

ತೋಟದಮನೆ:
ಅದ್ಯಾವುದೂ ಇಲ್ಲ, ದೇವರ ದಯೆ. ಔಷಧಿಗೆ ಆಳು ಹೇಳಿದ್ದೇನೆ. ನಾನು ಬರೀ ಪೈಪು ಹಿಡಿಯೋದು.

ಕತ್ತರಿ_ಶಿವಮೊಗ್ಗ:
ಹಿಡೀರಿ. ಎಳೀಬೇಡಿ.